ಕಲ್ಲನ್ನು ಸಾಣೆ ಹಿಡಿಯುವ ಮೊದಲು

ಚಿತ್ರದುರ್ಗದ ಸೀಮೆಗೆ ಕಲ್ಲಿನ ಆಭರಣ ಹೊಸದಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದಲ್ಲಿ ಪ್ರಾಚೀನ ಮಣಿಗಳು ದೊರೆತವು. ಹಿರೇಗುಂಟನೂರಿನಂತಹ ಊರುಗಳ ತರುಣರು ಈ ಕೈಗೆಲಸವನ್ನು ಕಲಿಯುವುದಾದರೆ ನಮಗೆ ಸಂತೋಷವೇ. ಆದರೆ ಒಂದು ಷರತ್ತುಂಟು.

ಮೆರುಗು ಕೊಡುವುದೆಂದರೆ ಗೀರುಗಳನ್ನು ಕ್ರಮಕ್ರಮವಾಗಿ ಸೂಕ್ಷ್ಮಗೊಳಿಸುವುದು. ಮೋಸ್ ಎಂಬ ವಿಜ್ಞಾನಿಯು 1812ರಲ್ಲಿ ರೂಪಿಸಿದ ಕಾಠಿಣ್ಯಮಾನದಲ್ಲಿ ಬೆಣಚುಕಲ್ಲಿನ ಸ್ಥಾನ 7, ಕುರುಂದದ್ದು 9. ಆದುದರಿಂದಲೇ ಕುರುಂದದ ಪುಡಿ ಬೆಣಚನ್ನು ಸವೆಸಬಲ್ಲದು. ಮೊದಲು ದಪ್ಪ ಪುಡಿ, ಅನಂತರ ನಯವಾದ ಪುಡಿ. ಉಳಿದ ಗೀರುಗಳು ಬೆಳಕಿನ ಅಲೆಯುದ್ದಕ್ಕಿಂತಲೂ ಚಿಕ್ಕವಾದಾಗ ಕಲ್ಲು ಕನ್ನಡಿಯಂತೆ ಹೊಳೆಯುತ್ತದೆ.

ಹಾಗಾದರೆ ಸವೆದ ಕಲ್ಲು ಎಲ್ಲಿಗೆ ಹೋಯಿತು? ಒಣಗಿದ್ದಂತೆಯೇ ಅರೆದರೆ ಅದು ಗಾಳಿಯಲ್ಲಿ ತೇಲುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿ ಗಂಟುಗಳನ್ನು ಎಬ್ಬಿಸುತ್ತವೆ. ಇದೇ ಸಿಲಿಕೋಸಿಸ್ ರೋಗ. ಇದನ್ನು ಗುಣಪಡಿಸುವ ಔಷಧಿಯಿಲ್ಲ. ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ಗುಜರಾತಿನ ಖಂಭಾತದಲ್ಲಿ ಅಗೇಟ್ ಕಲ್ಲನ್ನು ಅರೆಯುವ ಅನೇಕರು ಇದಕ್ಕೆ ತುತ್ತಾಗಿದ್ದಾರೆ.

ನಮ್ಮ ಷರತ್ತು ಇಷ್ಟೆ: ಸಾಣೆಯ ಮೇಲೆ ನೀರು ಸದಾ ಹರಿಯುತ್ತಿರಬೇಕು, ಕೆಸರು ಒಣಗಿ ದೂಳಾಗುವ ಮುನ್ನವೇ ಅದನ್ನು ತೆಗೆಯಬೇಕು. ಮೂಗಿಗೆ ಕಟ್ಟಿದ ಬಟ್ಟೆ ಸಾಲದು. ಬರದ ಸೀಮೆಯಲ್ಲಿ ಅಷ್ಟು ನೀರೆಲ್ಲಿ ಎಂದು ಕೇಳುವವರುಂಟು. ಕೆಸರು ತಳಕ್ಕಿಳಿದ ಮೇಲೆ ತಿಳಿಯಾದ ನೀರನ್ನೇ ಮತ್ತೆ ಬಳಸಬಹುದಲ್ಲವೆ?

ಈ ಕೆಲಸವನ್ನು ಕಲಿಸುವ ಶಾಲೆಗಳಲ್ಲಿ ಇದೇ ಮೊದಲ ಪಾಠವಾಗಲಿ. ಆಭರಣದ ಬೆಲೆಯಲ್ಲಿ ನೀರಿನ ವೆಚ್ಚವೂ ಸೇರಲಿ. ಕೆಲಸಗಾರನ ಉಸಿರು ಸೇರುವುದು ಬೇಡ.