ಗ್ರಾಮಫೋನ್ ತಟ್ಟೆಯೋ, ಸಿ.ಡಿ.ಯೋ?

ಗ್ರಾಮಫೋನ್ ತಟ್ಟೆಯ ನಾದದಲ್ಲಿ ಜೀವವಿದೆ, ಸಿ.ಡಿ.ಯ ನಾದ ನಿರ್ಜೀವ ಎಂದು ನನ್ನ ಓರಗೆಯವರು ಹೇಳುವುದುಂಟು. ಈಚೆಗೆ ಹಳೆಯ ವಿದ್ಯಾರ್ಥಿಗಳು ಕೆಲವರೂ ತಟ್ಟೆಗಳನ್ನು ಕೊಂಡು ಅದೇ ಮಾತನ್ನಾಡುತ್ತಿದ್ದಾರೆ. ನನ್ನ ಅಭಿಪ್ರಾಯ ಬೇರೆ.

ತಟ್ಟೆಯ ಮೇಲಿನ ಗೆರೆ ಧ್ವನಿತರಂಗದ ನೇರ ಪಡಿಯಚ್ಚು. ಮುಳ್ಳು ಹಾದಂತೆಲ್ಲ ಅದು ಸವೆಯುತ್ತದೆ. ಕ್ಯಾಸೆಟ್ಟಿನ ಪಟ್ಟಿ ಕಿರಿದು, ಅದರ ವೇಗವೂ ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ. ಆದ್ದರಿಂದಲೇ ಹಾಡಿನ ಹಿಂದೆ 'ಸುಯ್' ಎಂಬ ಸದ್ದು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಾದರೋ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಎರಡು ಅಳತೆಗಳ ನಡುವಿನ ನಾದ ಕಳೆದುಹೋಗುವುದಿಲ್ಲವೇ ಎಂದು ಕೇಳುವಿರಿ. ಇಲ್ಲ. ತರಂಗವೊಂದನ್ನು ಅದರ ಆವರ್ತನದ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಪೂರ್ಣವಾಗಿ ಮರಳಿ ಕಟ್ಟಬಹುದೆಂದು ಗಣಿತವೇ ಸಾಧಿಸಿ ತೋರಿಸಿದೆ. ಮನುಷ್ಯನ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್. ಅರವತ್ತು ದಾಟಿದವರಿಗೆ ಅಷ್ಟೂ ಇಲ್ಲ.

ಹಾಗಾದರೆ ತಟ್ಟೆಯ ಆ ಇಂಪು? ಅದು ಗಾಯಕನ ಕಂಠದ್ದಲ್ಲ. ಮಾಧ್ಯಮವೇ ಸೇರಿಸಿದ ಸಣ್ಣ ವಿಕಾರ. ಅದನ್ನು ಸವಿಯುವುದರಲ್ಲಿ ದೋಷವಿಲ್ಲ, ಆದರೆ ಅದನ್ನೇ ನಿಜವೆನ್ನಬಾರದು. ಹಾಗೆಂದು ಅಂಕೀಯವಾದುದೆಲ್ಲ ಶ್ರೇಷ್ಠವೂ ಅಲ್ಲ. 128 ಕಿಲೋಬಿಟ್ಟಿನ ಎಂ.ಪಿ.3 ಕಡತದಲ್ಲಿ ಉಳಿಯುವುದು ಸಿ.ಡಿ.ಯ ಮಾಹಿತಿಯ ಸುಮಾರು ಹನ್ನೊಂದರಲ್ಲಿ ಒಂದು ಪಾಲು ಮಾತ್ರ.

ಈ ಚರ್ಚೆ ಬರಿಯ ರುಚಿಯದಲ್ಲ. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಬಂದ ಮೇಲೆ ಭಾವಗೀತೆಗಳು ಮನೆಮನೆಯನ್ನು ಹೊಕ್ಕವು. ಅದೇ ಟೇಪ್ ರೆಕಾರ್ಡರಿನಲ್ಲಿ ಅಜ್ಜಿಯರ ಸೋಬಾನೆ, ಹಿರಿಯರ ಗಮಕವಾಚನ, ಮದುವೆಮನೆಯ ಮಾತುಕತೆಗಳೂ ಮುದ್ರಣಗೊಂಡವು. ಬೇಲೂರಿನ ಮಳೆಗಾಲದ ತೇವಕ್ಕೆ ಆ ಸುರುಳಿಗಳು ಬೂಷ್ಟು ಹಿಡಿಯುತ್ತವೆ. ಅರಸೀಕೆರೆಯ ಬಿಸಿಲು, ಧೂಳಿಗೆ ಒಣಗಿ ಸುಲಿಯುತ್ತವೆ. ನಮ್ಮ ಜಿಲ್ಲೆಯ ರುದ್ರಪಟ್ಟಣದಲ್ಲಿ 1920ರಲ್ಲಿ ಜನಿಸಿದ ಆರ್.ಕೆ. ಶ್ರೀಕಂಠನ್ ಅವರ ಗಾಯನ ಇಂದಿಗೂ ಸುಲಭವಾಗಿ ದೊರೆಯುತ್ತದೆ. ನಿಮ್ಮ ಅಜ್ಜಿಯ ಸೋಬಾನೆ ಇರುವುದು ಒಂದೇ ಸುರುಳಿಯಲ್ಲಿ.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ಮಾಡಿದರೆ ಪ್ರತಿ ಸಲವೂ ಗದ್ದಲ ಹೆಚ್ಚುತ್ತದೆ. ಹಳೇಬೀಡಿನ ಶಿಲ್ಪವೊಂದರ ಅಚ್ಚಿನಿಂದ ಅಚ್ಚು ತೆಗೆಯುತ್ತ ಹೋದರೆ ಆಭರಣದ ಕುಸುರಿ ಮಾಸುವಂತೆಯೇ ಇದು. ಅಂಕಿಗಳ ಹತ್ತನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಆದರೆ ಒಂದು ಎಚ್ಚರ: ಸುರುಳಿ ನಿಧಾನವಾಗಿ ಹಾಳಾದರೆ, ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದೇ ಕ್ಷಣದಲ್ಲಿ ಎಲ್ಲವನ್ನೂ ನುಂಗಬಲ್ಲದು.

ಆದುದರಿಂದ, ಮಿತ್ರರೇ, ಸುರುಳಿಗಳನ್ನು ಕುಗ್ಗಿಸದ 'ವೇವ್' ಕಡತಗಳಾಗಿ ಮಾಡಿಸಿ, ಮೂರು ಪ್ರತಿಗಳನ್ನು ಎರಡು ಊರುಗಳಲ್ಲಿಡಿ. ಮೂಲ ಸುರುಳಿಯನ್ನು ಎಸೆಯಬೇಡಿ. ಯಾರ ಧ್ವನಿ, ಯಾವ ವರ್ಷ, ಯಾವ ಸಂದರ್ಭ ಎಂಬುದನ್ನು, ಗುರುತು ಹಿಡಿಯಬಲ್ಲವರು ಇರುವಾಗಲೇ ಕೇಳಿ ಬರೆದಿಡಿ.