ಮಾತುಗಾರಿಕೆಗೆ ಯಾವ ಓದು?

ಪ್ರತಿವರ್ಷವೂ ಚರ್ಚಾಸ್ಪರ್ಧೆಯ ದಿನ ಹತ್ತಿರವಾದಂತೆ ನಮ್ಮ ಕಾಲೇಜಿನ ಪುಸ್ತಕಭಂಡಾರದ ಬಾಗಿಲ ಮೇಲೆ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ. ಮಾತು ಕಲಿಯಬಯಸುವವರು ಓದಲೇಬೇಕಾದ ಗ್ರಂಥಗಳು ಇವು ಎಂದು ಅದರ ತಲೆಬರಹ. ಅರಿಸ್ಟಾಟಲನ ವಾಗ್ಮಿತಾಶಾಸ್ತ್ರದಿಂದ ಹಿಡಿದು, 1936ರಲ್ಲಿ ಅಮೆರಿಕೆಯಲ್ಲಿ ಅಚ್ಚಾದ ಡೇಲ್ ಕಾರ್ನೆಗಿಯ ಪುಸ್ತಕದವರೆಗೆ ಅದರಲ್ಲಿ ಎಲ್ಲವೂ ಉಂಟು. ಮೂರು ವರ್ಷಗಳಿಂದ ಈ ಪಟ್ಟಿಯನ್ನು ಭಕ್ತಿಯಿಂದ ಅನುಸರಿಸಿದವರಲ್ಲಿ ನಾನೂ ಒಬ್ಬ. ಎರಡು ಬಹುಮಾನಗಳೂ ಬಂದಿವೆ. ಆದುದರಿಂದ ಪಟ್ಟಿಯ ವಿಷಯದಲ್ಲಿ ನಾನು ತಕರಾರು ತೆಗೆದರೆ ಅದನ್ನು ಕೈಗೆಟುಕದ ದ್ರಾಕ್ಷಿಯ ಮಾತೆಂದು ವಾಚಕರು ತಿಳಿಯಬಾರದಾಗಿ ವಿನಂತಿ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲು. ಕಳೆದ ಬೇಸಗೆಯಲ್ಲಿ ತಂಗಿ ಪಿ.ಯು.ಸಿ. ಮುಗಿಸಿದಳು. ಮುಂದಕ್ಕೆ ಓದಿಸುವುದು ಬೇಡವೆಂದು ತಂದೆಯವರು ತೀರ್ಮಾನಿಸಿದ್ದರು. ರಜೆಗೆ ಊರಿಗೆ ಹೋದ ನಾನು, ಜಗಲಿಯ ಮೇಲೆ ಅವರ ಎದುರು ಕುಳಿತು ಅರ್ಧ ಗಂಟೆ ಮಾತನಾಡಿದೆ. ಪೂರ್ವಪಕ್ಷ, ಖಂಡನೆ, ದೃಷ್ಟಾಂತ, ಒಂದೂ ಬಿಡಲಿಲ್ಲ. ತಂದೆಯವರು ಕೊನೆಯವರೆಗೆ ಕೇಳಿದರು. ಆಮೇಲೆ ಹೇಳಿದರು: “ನೀನು ಓದ್ದೋನು ಕಣಪ್ಪ. ನಿನ್ನ ಮಾತಿಗೆ ಎದುರಾಡೋಕೆ ನಂಗೆ ಬರಾಕಿಲ್ಲ. ಅಂಗಂತ ಒಪ್ಕಂಡೆ ಅಂತ ಅನ್ಕಬ್ಯಾಡ.”

ಸಭೆಯಲ್ಲಾಗಿದ್ದರೆ ಅದು ನನ್ನ ಗೆಲುವೇ ಸರಿ. ಎದುರಾಳಿಗೆ ಉತ್ತರ ಹೊಳೆಯಲಿಲ್ಲವಷ್ಟೆ!

ಮರಳಿ ಬಂದು ಅರಿಸ್ಟಾಟಲನನ್ನೇ ಮತ್ತೆ ತೆಗೆದೆ. ಮಾತು ನಾಟುವುದಕ್ಕೆ ಆತ ಮೂರು ದಾರಿಗಳನ್ನು ಹೇಳುತ್ತಾನೆ: ಆಡುವವನ ಶೀಲ, ಕೇಳುವವನ ಮನಸ್ಸಿನ ಭಾವ, ಮಾತಿನೊಳಗಿನ ತರ್ಕ. ಸ್ಪರ್ಧೆಗೆ ಬೇಕಾದುದು ಮೂರನೆಯದು ಮಾತ್ರವೆಂದು ನಾವೆಲ್ಲ ಎರಡನೆಯ ಭಾಗವನ್ನು ದಾಟಿಹೋಗುತ್ತೇವೆ. ಗ್ರಂಥದ ಜೀವವಿರುವುದು ಅಲ್ಲಿಯೇ. ಕೋಪವೆಂದರೇನು, ನಾಚಿಕೆಯೆಂದರೇನು, ಯುವಕರ ಸ್ವಭಾವಕ್ಕೂ ಮುದುಕರ ಸ್ವಭಾವಕ್ಕೂ ಏನು ಅಂತರ ಎಂದು ಆತ ಅಲ್ಲಿ ನಿಧಾನವಾಗಿ ವಿವೇಚಿಸುತ್ತಾನೆ. ಭಯವೆಂಬುದು ಹತ್ತಿರದಲ್ಲೇ ಇರುವ ಕೇಡನ್ನು ಮನಸ್ಸು ಕಲ್ಪಿಸಿಕೊಂಡು ಪಡುವ ನೋವು ಎಂಬುದು ಆತನ ಅಭಿಪ್ರಾಯ. ತಂದೆಯವರಿಗೆ ಇರುವುದು ವಾದವಲ್ಲ, ಭಯ ಎಂದು ನನಗೆ ಹೊಳೆದುದು ಆಗ.

ಮುಂದಿನ ಭಾನುವಾರ ಹೋಗಿ ಕೇಳಿದೆ, ಅಷ್ಟೆ. ಸಂಜೆಯ ಬಸ್ಸು ನಮ್ಮೂರ ತಿರುವಿನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಒಂದೂವರೆ ಮೈಲಿ ಕತ್ತಲಲ್ಲಿ ನಡೆಯಬೇಕು. ವಿದ್ಯಾರ್ಥಿನಿಲಯದಲ್ಲಿರುವ ನನಗೆ ಆ ದಾರಿಯ ನೆನಪೇ ಇರಲಿಲ್ಲ. ಆಗ ರಾಗಿ ಕೇರುತ್ತಿದ್ದ ಅವ್ವ, ಯಾರನ್ನೂ ನೋಡದೆ, ತನ್ನ ಕತೆಯೊಂದನ್ನು ಹೇಳಿದಳು. ಪಕ್ಕದೂರಿನ ಸ್ಕೂಲಿಗೆ ಹಳ್ಳ ದಾಟಿ ಹೋಗಬೇಕೆಂದು ಅವಳನ್ನು ನಾಲ್ಕನೆಯ ತರಗತಿಗೇ ಬಿಡಿಸಿದರಂತೆ. “ಎಲ್ಡು ವರ್ಸಕ್ಕೆ ಹಳ್ಳಕ್ಕೆ ಸೇತ್ವೆ ಆಯ್ತು. ಅಷ್ಟೊತ್ತಿಗೆ ನಾನು ಎಮ್ಮೆ ಹಿಂದೆ ಓಗ್ತಿದ್ದೆ” ಎಂದು ಮೊರವನ್ನು ಕೊಡವಿದಳು. ತಂದೆಯವರು ಎದ್ದು ದನ ಕಟ್ಟಲು ಹೋದರು.

ತಂಗಿ ಈಗ ಪ್ರಥಮ ವರ್ಷದಲ್ಲಿ ಓದುತ್ತಿದ್ದಾಳೆ. ತಂದೆಯವರು ಸಂಜೆ ಟಾರ್ಚು ಹಿಡಿದು ತಿರುವಿಗೆ ಹೋಗುತ್ತಾರೆ. ಮಳೆ ಬಂದರೆ ಗೊಣಗುತ್ತಾರೆ.

ಹಾಗಾದರೆ ಕತೆ ಹೇಳಿದರೆ ಸಾಕು, ತರ್ಕ ಬೇಡ ಎನ್ನುವಿರೋ? ಇಲ್ಲ. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಬ್ರೂಟಸ್ ಕಾರಣಗಳನ್ನು ಹೇಳಿ ಇಳಿದುಹೋಗುತ್ತಾನೆ. ಆಂಟನಿ ಹರಿದ ಮೇಲಂಗಿಯನ್ನು ತೋರಿಸುತ್ತಾನೆ, ಮರಣಶಾಸನದ ಆಸೆ ಹುಟ್ಟಿಸುತ್ತಾನೆ. ಕೆರಳಿದ ಜನ ಸಿನ್ನಾ ಎಂಬ ಪಾಪದ ಕವಿಯನ್ನು, ಹೆಸರೊಂದೇ ಆಯಿತೆಂಬ ಕಾರಣಕ್ಕೆ, ಬಲಿತೆಗೆದುಕೊಳ್ಳುತ್ತಾರೆ. ನಮ್ಮ ಪಂಚತಂತ್ರದಲ್ಲಿಯೂ ಅಷ್ಟೆ. ಸೊಗಸಾದ ಕತೆಗಳನ್ನು ಹೇಳಿ ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹವನ್ನು ಮುರಿಯುವವನು ದಮನಕನೆಂಬ ನರಿ. ಕತೆಗಾರನ ಕೈಚಳಕವನ್ನು ಕಲಿಯುವುದಕ್ಕಿಂತ, ನಮಗೆ ಕತೆ ಹೇಳುವವರನ್ನು ಗುರುತಿಸಲು ಇವುಗಳನ್ನು ಓದಬೇಕೆಂದು ನನ್ನ ಅಭಿಮತ. ಚುನಾವಣೆಯ ಕಾಲದಲ್ಲಂತೂ ಎರಡು ಸಾರಿ ಓದಬೇಕು.

ಪಟ್ಟಿಯಲ್ಲಿ ಇಲ್ಲದ ಒಂದು ಗ್ರಂಥವನ್ನು ಸೂಚಿಸುತ್ತೇನೆ. ಕುಮಾರವ್ಯಾಸನ ಉದ್ಯೋಗಪರ್ವ. ಕೃಷ್ಣನಂತಹ ಮಾತುಗಾರನೂ ದುರ್ಯೋಧನನ ಸಭೆಯಲ್ಲಿ ಸೋತು ಬರುತ್ತಾನೆ. ಬಳಿಕ ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಮುಂದೊಡ್ಡುತ್ತಾನೆ. ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣು ತುಂಬುತ್ತದೆ. ಆದರೂ ಅನ್ನವಿಕ್ಕಿದ ಒಡೆಯನನ್ನು ಬಿಟ್ಟು ಅವನು ಬರುವುದಿಲ್ಲ. ಕೇಳುವವನಿಗೂ ಒಂದು ಮನಸ್ಸಿದೆ, ಅದು ಕರಗಿದರೂ ಒಪ್ಪದೆ ಇರಬಹುದು ಎಂಬುದನ್ನು ಮಾತುಗಾರಿಕೆಯ ಯಾವ ಕೈಪಿಡಿಯೂ ನನಗೆ ಹೀಗೆ ತಿಳಿಸಲಿಲ್ಲ.

ಈ ಗ್ರಂಥ ನಮ್ಮ ಭಂಡಾರದಲ್ಲಿಯೇ ಇದೆ, ಗಾಜಿನ ಬೀರುವಿನೊಳಗೆ. ಓದಿ ಕೇಳಿಸಬೇಕಾದ ಕಾವ್ಯವಾದುದರಿಂದ, ಶನಿವಾರ ಮಧ್ಯಾಹ್ನ ಒಂದು ಗಂಟೆಯ ಕಾಲ ಬೀಗ ತೆಗೆಸಿಕೊಟ್ಟರೆ ನಾವು ನಾಲ್ಕೈದು ಮಂದಿ ಸರದಿಯಂತೆ ಗಟ್ಟಿಯಾಗಿ ಓದಲು ಸಿದ್ಧರಿದ್ದೇವೆ. ಅಧ್ಯಾಪಕರಲ್ಲಿ ಯಾರಾದರೂ ಬಂದು ತಪ್ಪು ತಿದ್ದಿದರೆ ಉಪಕಾರ.