ಗೃಹವಿಚಾರ: ಎಚ್.ಡಿ. ಟೆಲಿವಿಷನ್ ಕೊಳ್ಳಬೇಕೆ?

ವಾಚಕರಲ್ಲೊಬ್ಬ ಗೃಹಸ್ಥರು ಈ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮನೆಯಲ್ಲಿ 32 ಅಂಗುಲದ ಟೆಲಿವಿಷನ್ ಒಂದಿದೆ, ಅದು ಕೆಟ್ಟಿಲ್ಲ. ಎಪ್ಪತ್ತೆಂಟು ವರ್ಷದ ಅವರ ತಂದೆಯವರು ಹತ್ತು ಅಡಿ ದೂರದ ತಮ್ಮ ಆರಾಮಕುರ್ಚಿಯಲ್ಲಿ ಕುಳಿತು ಬೆಳಗ್ಗೆ ವಾರ್ತೆಯನ್ನೂ ಸಂಜೆ ಪುರಾಣದ ಕಥೆಯನ್ನೂ ನೋಡುವರು. ಕೆಲವು ಕಾಲದಿಂದ ‘ಚಿತ್ರ ಮಸಕಾಗಿದೆ’ ಎಂದು ಹೇಳತೊಡಗಿರುವರಂತೆ. ಮಕ್ಕಳು 55 ಅಂಗುಲದ ಹೊಸ ಯಂತ್ರವನ್ನು ಕಂತಿನ ಮೇಲೆ ತರಬೇಕೆಂದು ಹಟ ಹಿಡಿದಿರುವರು. ಆದರೆ ಆ ಕಂತನ್ನು ಕಟ್ಟಬೇಕಾದರೆ, ಮಗಳ ಕಾಲೇಜಿನ ಶುಲ್ಕಕ್ಕೆಂದು ಮನೆಯಾಕೆ ಹಾಕುತ್ತಿರುವ ಚೀಟಿಯನ್ನು ನಿಲ್ಲಿಸಬೇಕು. ‘ತಂದೆಯವರ ಇಳಿವಯಸ್ಸಿನ ಒಂದು ಸಂತೋಷಕ್ಕೆ ನಾನು ಹಿಂದೆಗೆಯುವುದು ನ್ಯಾಯವೇ?’ ಎಂಬುದು ಅವರ ಪ್ರಶ್ನೆ.

ಇದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಹಣದ ಮಾತು ಬಂದಾಗ ಮಾತ್ರ ಸ್ಮರಿಸುತ್ತೇವೆ. ಟೆಲಿವಿಷನ್ನಿನ ವಿಷಯದಲ್ಲಿಯಾದರೋ ಅದು ಅಕ್ಷರಶಃ ಸತ್ಯವಾದುದು: ಹಜಾರ ಎಷ್ಟು ಉದ್ದವೋ, ಕುರ್ಚಿ ಎಷ್ಟು ದೂರವೋ, ಅದಕ್ಕೆ ತಕ್ಕಂತೆ ಪರದೆ. ಕೊಳ್ಳುವವರಲ್ಲಿ ಹೆಚ್ಚಿನವರು ಅಂಗಡಿಗೆ ಹೋಗುವ ಮೊದಲು ಹಣವನ್ನು ಎಣಿಸುವರೇ ಹೊರತು ಹಜಾರವನ್ನು ಅಳೆಯುವುದಿಲ್ಲ.

ಉಪದೇಶ ಮಾಡುವುದಕ್ಕೆ ಮೊದಲು ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳುವುದು ಲೇಸು. ಕೆಲವು ವರ್ಷಗಳ ಹಿಂದೆ ನಾವು ಪಿಕ್ಚರ್ ಟ್ಯೂಬಿನ 21 ಅಂಗುಲದ ಹಳೆಯ ಪೆಟ್ಟಿಗೆಯನ್ನು ತೆಗೆದುಹಾಕಿ, 43 ಅಂಗುಲದ ಎಚ್.ಡಿ. ಯಂತ್ರವನ್ನು ತಂದೆವು. ಮನೆಯವರೆಲ್ಲರೂ ಹಿಗ್ಗಿದರು, ನಮ್ಮ ತಾಯಿ ಮಾತ್ರ ಏಳು ಅಡಿ ದೂರದ ತಮ್ಮ ಜಾಗದಲ್ಲಿ ಕುಳಿತು, ‘ಅಲ್ಲವೋ, ಹಳೇದರಲ್ಲೇ ಮುಖ ನೆಟ್ಟಗೆ ಕಾಣುತ್ತಿತ್ತು. ಇದರಲ್ಲಿ ಎಲ್ಲರೂ ದಪ್ಪಗಾಗಿದ್ದಾರಲ್ಲೋ!’ ಎಂದರು. ವಯಸ್ಸಾದವರ ಮಾತೆಂದು ನಾವು ನಕ್ಕೆವು. ಎಂಟು ತಿಂಗಳು ಹೀಗೆಯೇ ಕಳೆಯಿತು. ಬೇಸಗೆಯ ರಜಕ್ಕೆ ಬಂದ ಸೋದರಳಿಯನು ಯಂತ್ರದ ಹಿಂದೆ ತಲೆಯಿಟ್ಟು ನೋಡಿ, ‘ಅಜ್ಜಿ ಹೇಳಿದ್ದೇ ಸರಿ, ಮಾವ’ ಎಂದನು. ಸೆಟ್-ಟಾಪ್ ಬಾಕ್ಸು ಹಳೆಯದೇ ಆಗಿತ್ತು; ಕೆಂಪು, ಬಿಳಿ, ಹಳದಿ ಬಣ್ಣದ ಮೂರು ತಂತಿಗಳಿಂದ ಸಾಧಾರಣ ಚಿತ್ರವೇ ಬರುತ್ತಿದ್ದಿತು. ಅಲ್ಲದೆ, ಹಳೆಯ ಅಳತೆಯ ಚಿತ್ರವನ್ನು ಯಂತ್ರವು ಅಗಲಕ್ಕೆ ಎಳೆದು ತೋರಿಸುತ್ತಿದ್ದುದರಿಂದ ಮುಖಗಳು ನಿಜವಾಗಿಯೂ ಮೂರನೆಯ ಒಂದು ಪಾಲಿನಷ್ಟು ಹಿಗ್ಗಿದ್ದವು. ನಾವು ಕೊಟ್ಟ ಹಣಕ್ಕೆ ದೊರೆತದ್ದು ಎಚ್.ಡಿ. ಎಂಬ ಹೆಸರು ಮಾತ್ರ.

ಇದರ ಕಾರಣವನ್ನು ಅರಿಯುವುದು ಕಷ್ಟವಲ್ಲ. ಬಾಗಿಲಲ್ಲಿಟ್ಟ ರಂಗವಲ್ಲಿಯ ಚುಕ್ಕೆಗಳು ಹೊಸ್ತಿಲಿನಿಂದ ಒಂದೊಂದಾಗಿ ಕಾಣುವುವು. ಬೀದಿಯ ತುದಿಯಿಂದ ನೋಡಿದರೆ ಒಂದೇ ಬಿಳುಪಾಗಿ ಬೆರೆಯುವುವು. ಟೆಲಿವಿಷನ್ನಿನ ಚಿತ್ರವೂ ಚುಕ್ಕೆಗಳ ಸಾಲುಗಳಿಂದಲೇ ಆದುದು. ನಮ್ಮ ದೇಶದಲ್ಲಿ ಮೊದಲಿನಿಂದ ಬಳಕೆಯಲ್ಲಿದ್ದ ಸಾಧಾರಣ ಚಿತ್ರದಲ್ಲಿ ಕಣ್ಣಿಗೆ ಕಾಣುವ ಸಾಲುಗಳು 576. ಪೂರ್ಣ ಎಚ್.ಡಿ. ಚಿತ್ರದಲ್ಲಿ 1080, 4ಕೆ ಎಂಬುದರಲ್ಲಿ 2160. ಆರೋಗ್ಯವಾದ ಕಣ್ಣು ಸುಮಾರು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಅಂತರವನ್ನು ಗುರುತಿಸಬಲ್ಲುದು. ಎಂದರೆ, ಹತ್ತು ಅಡಿ ದೂರದಲ್ಲಿ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಅಂತರದ ಚುಕ್ಕೆಗಳೆರಡು ಒಂದಾಗಿಬಿಡುವುವು. ಒಂದಾದ ಮೇಲೆ ಆ ಜಾಗದಲ್ಲಿ ಎಷ್ಟು ಚುಕ್ಕೆಗಳಿದ್ದರೇನು?

ಈ ಲೆಕ್ಕದಿಂದ ಗೃಹಸ್ಥರಿಗೆ ಉಪಯುಕ್ತವಾದ ಒಂದು ಸೂತ್ರ ದೊರೆಯುತ್ತದೆ. ಪರದೆಯ ಎತ್ತರವನ್ನು ಒಂದು ನೂಲಿನಿಂದ ಅಳೆಯಿರಿ. ಆ ಎತ್ತರದ ಆರು ಪಟ್ಟಿಗಿಂತ ದೂರದಲ್ಲಿ ನೀವು ಕುಳಿತರೆ ಸಾಧಾರಣ ಚಿತ್ರದ ಸಾಲುಗಳೇ ಕಣ್ಣಿಗೆ ಬೆರೆತುಹೋಗುವುವು; ಎಚ್.ಡಿ.ಯ ಹೆಚ್ಚಿನ ಸೂಕ್ಷ್ಮತೆ ನಿಮಗೆ ಕಾಣುವುದೇ ಇಲ್ಲ. ಆರು ಪಟ್ಟಿನಿಂದ ಒಳಕ್ಕೆ ಬಂದಂತೆಲ್ಲ ವ್ಯತ್ಯಾಸವು ತಿಳಿಯತೊಡಗಿ, ಮೂರು ಪಟ್ಟಿನ ಸಮೀಪದಲ್ಲಿ ಪೂರ್ಣ ಎಚ್.ಡಿ. ತನ್ನ ಬೆಲೆಯನ್ನು ತೀರಿಸುತ್ತದೆ. 4ಕೆಯ ಸಂಪೂರ್ಣ ಫಲವನ್ನು ಪಡೆಯಲು ಒಂದೂವರೆ ಪಟ್ಟಿನಷ್ಟು ಹತ್ತಿರಕ್ಕೆ ಬರಬೇಕು. ಜಪಾನಿನ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ.ಯು 1964ರ ಟೋಕಿಯೋ ಒಲಿಂಪಿಕ್ಸಿನ ತರುವಾಯ ಈ ಹೊಸ ಟೆಲಿವಿಷನ್ನಿನ ಸಂಶೋಧನೆಯನ್ನು ಕೈಗೊಂಡಿತು. ಪರದೆಯ ಎತ್ತರದ ಸುಮಾರು ಮೂರು ಪಟ್ಟು ದೂರದಲ್ಲಿ ಕುಳಿತು ನೋಡುವವನಿಗಾಗಿಯೇ ಎಚ್.ಡಿ. ಚಿತ್ರ ರೂಪುಗೊಂಡಿತು.

ಅಂಗುಲಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಅಂಗಡಿಯವರು ಹೇಳುವ ಅಳತೆ ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದದ್ದು. 32 ಅಂಗುಲದ ಪರದೆಯ ಎತ್ತರ ಹದಿನಾರು ಅಂಗುಲಕ್ಕೂ ತುಸು ಕಡಿಮೆ, 43ರದು ಇಪ್ಪತ್ತೊಂದು, 55ರದು ಇಪ್ಪತ್ತೇಳು. ನಮ್ಮ ತಾಯಿಯ ದೂರನ್ನು ಈಗ ಪರೀಕ್ಷಿಸಿರಿ. ಹಳೆಯ ಪೆಟ್ಟಿಗೆಯ ಎತ್ತರ ಹನ್ನೆರಡೂವರೆ ಅಂಗುಲ. ಅದರ ಆರು ಪಟ್ಟು ಆರೂಕಾಲು ಅಡಿ. ಏಳು ಅಡಿಯಲ್ಲಿ ಕುಳಿತವರಿಗೆ ಚಿತ್ರ ನುಣುಪಾಗಿಯೇ ಕಾಣುತ್ತಿದ್ದಿತು. ಹೊಸದರ ಎತ್ತರದ ಆರು ಪಟ್ಟು ಹತ್ತೂವರೆ ಅಡಿ. ಅದೇ ಸಾಧಾರಣ ಚಿತ್ರವನ್ನು ಅಷ್ಟು ದೊಡ್ಡದು ಮಾಡಿ ಏಳು ಅಡಿಯಿಂದ ತೋರಿಸಿದಾಗ ಅದರ ಒರಟುತನವೆಲ್ಲ ಹೊರಬಿದ್ದಿತು. ಎಚ್.ಡಿ. ಬಾಕ್ಸನ್ನು ತರಿಸಿ, ಎಚ್.ಡಿ.ಎಂ.ಐ. ತಂತಿಯನ್ನು ಜೋಡಿಸಿದ ದಿನ ತಾಯಿ ಏನನ್ನೂ ಹೇಳಲಿಲ್ಲ. ಸುಮ್ಮನೆ ಕುಳಿತು ನೋಡಿದರು. ಅದೇ ಅವರ ಮೆಚ್ಚುಗೆಯೆಂದು ನಾವು ತಿಳಿದೆವು.

ಆದುದರಿಂದ ಎರಡನೆಯ ವಿಚಾರವು ಯಂತ್ರಕ್ಕೆ ನಾವು ಉಣಿಸುವ ಚಿತ್ರದ್ದು. ನಮ್ಮ ದೂರದರ್ಶನವು 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳನ್ನು ಎಚ್.ಡಿ.ಯಲ್ಲಿ ಪ್ರಸಾರ ಮಾಡಿತು. ಕನ್ನಡದ ಪ್ರಮುಖ ಮನೋರಂಜನೆಯ ಚಾನೆಲ್ಲುಗಳಿಗೂ ಈಗ ಎಚ್.ಡಿ. ರೂಪವುಂಟು, ಆದರೆ ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕು, ದರವೂ ಸಾಮಾನ್ಯವಾಗಿ ಹೆಚ್ಚು. 2019ರಲ್ಲಿ ಚಾನೆಲ್ಲುಗಳ ಹೊಸ ದರದ ಕ್ರಮವು ಜಾರಿಗೆ ಬಂದಾಗ ಒಂದು ಎಚ್.ಡಿ. ಚಾನೆಲ್ಲನ್ನು ಎರಡು ಸಾಧಾರಣ ಚಾನೆಲ್ಲುಗಳೆಂದು ಎಣಿಸಲಾಯಿತು. ನೀವು ನಿತ್ಯವೂ ನೋಡುವ ನಾಲ್ಕೈದು ಚಾನೆಲ್ಲುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಅವುಗಳಲ್ಲಿ ಎಷ್ಟು ಎಚ್.ಡಿ.ಯಲ್ಲಿ ದೊರೆಯುವುವೆಂದು ಕೇಬಲ್ಲಿನವರನ್ನೋ ಡಿಶ್ಶಿನವರನ್ನೋ ವಿಚಾರಿಸತಕ್ಕದ್ದು. ಹಳೆಯ ವೀಡಿಯೋ ಟೇಪಿನಲ್ಲಿ ತಯಾರಾದ ಧಾರಾವಾಹಿಗಳು ಎಂಥ ಯಂತ್ರದಲ್ಲಿಯೂ ಹೊಸ ಸೂಕ್ಷ್ಮತೆಯನ್ನು ಪಡೆಯಲಾರವು. ಇಲ್ಲದ ಚುಕ್ಕೆಯನ್ನು ಯಂತ್ರವು ಊಹಿಸಬಲ್ಲುದೇ ಹೊರತು ಹುಟ್ಟಿಸಲಾರದು.

ಅಂಗಡಿಯ ಗೋಡೆಯ ಮೇಲೆ ಕಾಣುವ ನವಿಲು, ಜಲಪಾತಗಳನ್ನು ನಂಬಬೇಡಿರಿ. ಅವು ಪ್ರದರ್ಶನಕ್ಕೆಂದೇ ತೆಗೆದ ಚಿತ್ರಗಳು. ಬೆಳಕನ್ನೂ ಬಣ್ಣವನ್ನೂ ಏರಿಸಿಟ್ಟಿರುವುದುಂಟು. ನಿಮ್ಮ ಮನೆಯಲ್ಲಿ ನೋಡುವ ವಾರ್ತೆಯ ಚಾನೆಲ್ಲನ್ನೇ ಹಾಕಿಸಿ, ನಿಮ್ಮ ಕುರ್ಚಿಯಷ್ಟೇ ದೂರದಲ್ಲಿ ನಿಂತು ನೋಡಿರಿ. ‘ಎಚ್.ಡಿ. ರೆಡಿ’ ಎಂದು ಮಾರುವ 32 ಅಂಗುಲದವುಗಳಲ್ಲಿ ಸಾಮಾನ್ಯವಾಗಿ 768 ಸಾಲುಗಳು ಮಾತ್ರ ಇರುವುವು, ಪೂರ್ಣ ಎಚ್.ಡಿ. ಅದಲ್ಲ. ಧ್ವನಿಯನ್ನೂ ಪರೀಕ್ಷಿಸಿರಿ. ತೆಳ್ಳಗಿನ ಯಂತ್ರಗಳ ಸಣ್ಣ ಸ್ಪೀಕರುಗಳು ಅನೇಕ ವೇಳೆ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುವುದರಿಂದ ವೃದ್ಧರಿಗೆ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. 32 ಅಂಗುಲಕ್ಕಿಂತ ದೊಡ್ಡ ಯಂತ್ರಗಳ ಮೇಲಿನ ಜಿ.ಎಸ್.ಟಿ.ಯು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಬೆಲೆ ಕೇಳುವಾಗ ಇದು ನೆನಪಿನಲ್ಲಿರಲಿ.

ಇನ್ನು ಕಾಗದ ಬರೆದ ಮಹನೀಯರಿಗೆ ನಮ್ಮ ಉತ್ತರ. 32 ಅಂಗುಲದ ಪರದೆಯ ಆರು ಪಟ್ಟು ಎಂಟು ಅಡಿ. ನಿಮ್ಮ ತಂದೆಯವರು ಕುಳಿತಿರುವುದು ಹತ್ತು ಅಡಿಯಲ್ಲಿ. ಅಷ್ಟು ದೂರದಲ್ಲಿ ಒಳ್ಳೆಯ ಕಣ್ಣಿಗೆ ಸಾಧಾರಣ ಚಿತ್ರವೂ ಮಸಕಾಗಿ ಕಾಣಲಾರದು. ಇದೇ ಯಂತ್ರ ಮೊದಲು ಚೆನ್ನಾಗಿದ್ದು ಈಗ ಮಸಕಾಗಿದ್ದರೆ, ಮಸಕು ಪರದೆಯಲ್ಲಿದೆಯೋ ಕಣ್ಣಿನಲ್ಲಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಅಂಗಡಿಗೆ ಹೋಗುವ ಮುನ್ನ ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. ಕನ್ನಡಕ ಬದಲಾಗಬೇಕಾಗಿರಬಹುದು, ಪೊರೆ ಬಂದಿರಬಹುದು. ಅಂಧತ್ವ ನಿಯಂತ್ರಣಕ್ಕಾಗಿ 1976ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಸರಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯು ಉಚಿತವಾಗಿ ನಡೆಯುವುದು. ಕಣ್ಣಿನ ಪೊರೆಯನ್ನು 55 ಅಂಗುಲದ ಪರದೆಯು ತೆಗೆಯಲಾರದು.

ಅನಂತರ ಇರುವ ಯಂತ್ರಕ್ಕೇ ಎಚ್.ಡಿ. ಬಾಕ್ಸನ್ನೂ ತಕ್ಕ ತಂತಿಯನ್ನೂ ಜೋಡಿಸಿ, ಆರಾಮಕುರ್ಚಿಯನ್ನು ಆರು ಅಡಿಗೆ ಎಳೆಯಿರಿ. ಕುರ್ಚಿ ಎಳೆಯಲು ಕಂತು ಕಟ್ಟಬೇಕಾಗಿಲ್ಲ. ಇಷ್ಟರಿಂದಲೇ ಹಿರಿಯರಿಗೆ ತೃಪ್ತಿಯಾಗುವ ಸಂಭವವು ಬಹಳ. ಮಕ್ಕಳ ಮಾತೂ ಪೂರ್ತಿಯಾಗಿ ತಪ್ಪಲ್ಲವೆಂಬುದನ್ನು ಒಪ್ಪಲೇಬೇಕು. ಕುರ್ಚಿಯನ್ನು ಕದಲಿಸಲಾಗದ ಹಜಾರದಲ್ಲಿ ಹತ್ತು ಅಡಿಯಿಂದ ನೋಡುವವರಿಗೆ 55 ಅಂಗುಲವು ಅತಿಯಾದುದಲ್ಲ, ಎಚ್.ಡಿ.ಯ ಫಲವೂ ಅಲ್ಲಿ ದೊರೆಯುವುದು. ಆದರೆ ಅದು ಕೈಯಲ್ಲಿ ಹಣವಿರುವಾಗ ಮಾಡತಕ್ಕ ಕೆಲಸ. ಚೀಟಿಯನ್ನು ಮುರಿದು ಮಾಡತಕ್ಕದ್ದಲ್ಲ. ಮುಂದಿನ ವರ್ಷವೂ ಅಂಗಡಿಯಲ್ಲಿ ಟೆಲಿವಿಷನ್ ಇರುವುದು. ಮಗಳ ಕಾಲೇಜಿನ ವರ್ಷ ಕಾಯುವುದಿಲ್ಲ.

ತಂದೆಯವರಿಗೆ ನೀವು ಹಿಂದೆಗೆಯುತ್ತಿಲ್ಲ. ಅವರ ಮಾತನ್ನು ನಂಬಿ, ಅದರ ಕಾರಣವನ್ನು ಹುಡುಕುತ್ತಿದ್ದೀರಿ. ನಾವು ಎಂಟು ತಿಂಗಳು ತಡಮಾಡಿ ಕಲಿತದ್ದನ್ನು ನೀವು ಒಂದು ನೂಲಿನ ಎಳೆಯಿಂದ ಈ ಸಂಜೆಯೇ ಕಲಿಯಬಹುದು.